ಕತ್ತಲ ಸಾಲವಲ್ದು

ನಮ್ಮ ಯಾದಗಿರಿ ಕಡೆ ಟಾರ್ಚಿಗೇ ಬ್ಯಾಟ್ರಿ ಅಂತೀವಿ,
ಬ್ಯಾಟ್ರಿಗೆ ಸೆಲ್ಲು.
ಇಷ್ಟು ತಿಳಕೊಂಡು ಮುಂದ ಓದ್ರಿ,
ಇಲ್ಲಾಂದ್ರ ನನ್ನ ರೋಗದ ಬುಡ ನಿಮಗ ಸಿಗಂಗಿಲ್ಲ.

ಕೆಲಸ ಕರೆಂಟಿನ ಆಫೀಸಿನ್ಯಾಗ, ಬಿಲ್ಲಿನ ಟೇಬಲ್ಲು.
ಮನ್ಯಾಗ ಅಲ್ಮಾರಿ ತುಂಬ ನಲವತ್ತೊಂದು ಬ್ಯಾಟ್ರಿ.
"ಊರಿಗೆಲ್ಲ ಬೆಳಕು ಮಾರೋರು
ಕತ್ತಲಕ್ಕ ಹರಕಿ ಹೊತ್ತೀರೇನು?" ಅಂತಾಳ ನೀಲಗಂಗಾ.
ಹೊತ್ತೀನಿ. ಖರೇನ.
ಲೈನ್‌ಮನ್ ಸಾಬಣ್ಣ ಫೋನ್ ಮಾಡಿ
"ಫೀಡರ್ ಟ್ರಿಪ್ ಆಗ್ಯಾದ್ರಿ" ಅಂದರ
ಬಾಯಿ "ಅಯ್ಯೋ" ಅಂತದ,
ಎಡಗೈ ಆಗಲೇ ಅಲ್ಮಾರಿ ಕೀಲಿ ಹುಡುಕತಿರತದ.

ಪತ್ತಾರ ಮೌನೇಶನ ಅಂಗಡ್ಯಾಗ
ಬಂಗಾರ ತೂಗೋ ತಕ್ಕಡಿ ಮ್ಯಾಲ ಸೆಲ್ಲು ಇಡ್ತೀನಿ.
ಹೆಬ್ಬೆರಳ ದಪ್ಪ, ನೀಲಿ ಅಂಗಿ,
ಮೈಮ್ಯಾಲ ಒಂಬತ್ತು ಸಾವಿರ ಅಂತ ಬರಕೊಂಡು ಬಂದದ್ದು
ತೂಗಿದ್ದು ಇಪ್ಪತ್ತೊಂಬತ್ತು ಗ್ರಾಂ.
ಖರೇ ಸೆಲ್ಲು ನಲವತ್ತೈದರ ಸುತ್ತಮುತ್ತ ಇರಬೇಕು.
"ಒಳಗ ಹಿಟ್ಟು ತುಂಬ್ಯಾರ" ಅಂದೆ.
ಮೌನೇಶ ನಕ್ಕ:
"ಮದುವಿ ಮನಿಯವರು ಬೋರಮಾಳ ಸೈತ
ಇಷ್ಟು ಕಣ್ಣಿಟ್ಟು ನೋಡಂಗಿಲ್ಲ ಅಣ್ಣಾ."

ನೆತ್ತಿ ಚಪ್ಪಟಿ ಇದ್ದದ್ದು ಒಂದಕ್ಕ ಹೊಂದತದ,
ನೆತ್ತಿ ಮ್ಯಾಲ ಗುಂಡಿ ಇದ್ದದ್ದು ಇನ್ನೊಂದಕ್ಕ.
ತಪ್ಪಿ ಹಾಕಿದ್ರ, ಒಂದೇ ಕೊಳವಿಯೊಳಗ ಇದ್ದೂ
ಸ್ಪ್ರಿಂಗಿಗೂ ಸೆಲ್ಲಿಗೂ ಮಾತಿಲ್ಲ ಕತಿ ಇಲ್ಲ.

ಪೆನ್ಸಿಲ್ ಸೆಲ್ಲಿಗೆ ತಕ್ಕಡಿ ಬ್ಯಾಡ, ಪರಸಿ ಸಾಕು.
ಶಹಾಬಾದ ಕಲ್ಲಿನ ಮ್ಯಾಲ
ನಾಕು ಬೆರಳ ಎತ್ತರದಿಂದ ನೆಟ್ಟಗ ಬಿಡಬೇಕು.
ತುಂಬಿದ್ದು ಧಪ್ ಅಂತ ಕೂಡತದ.
ತೀರಿದ್ದು ಪುಟೀತದ.
"ನಿಮ್ಮ ಹೊಸಾ ಸಾಹೇಬರಂಗ" ಅಂತಾಳ ನೀಲಗಂಗಾ,
ಕಸಬರಿಗಿ ಗ್ವಾಡಿಗೆ ಆನಿಸಿ
ತಾನೂ ಒಂದು ಬಿಟ್ಟು ನೋಡಿ.

ಎಲ್ಲಿಂದ ಅಂಟಿತು ಇದು?
ಸೋದರತ್ತಿ ತಿಪ್ಪಮ್ಮ ಸೂಲಗಿತ್ತಿ.
ಅಪರಾತ್ರ್ಯಾಗ ಕರಿ ಬಂದರ
ಮೂರು ಸೆಲ್ಲಿನ ಹಿತ್ತಾಳಿ ಬ್ಯಾಟ್ರಿ ಹಿಡಕೊಂಡು ನಾ ಮುಂದ,
ಎಲಿಅಡಿಕಿ ಅಗಕೋತ ಆಕಿ ಹಿಂದ.
ಬಾಗಿಲ ತನಕ ಬೆಳಕು ನನ್ನದು.
ಹೊಸ್ತಿಲ ಮ್ಯಾಲ ಕಸಗೊಂಡು ಒಳಗ ಹೋಗತಿದ್ದಳು.
ನಾನು ಕಟ್ಟಿ ಮ್ಯಾಲ, ಕತ್ತಲದಾಗ,
ಕದದ ಸಂದಿನ ಹಳದಿ ಗೆರಿ ನೋಡಕೋತ,
ಕೂಸು ಅಳೂ ತನಕ.

ಈಗ ಕತ್ತಲ ಸಾಲವಲ್ದು.
ಸಂದಿಗೊಂದು ಬಿಳಿ ದೀಪ, ಮನಿಗೊಂದು ಇನ್ವರ್ಟರ್,
ಕಿಸೆದಾಗಿನ ಫೋನಿಗೂ ಒಂದು ಕಣ್ಣು.
ಅಂಥಾದ್ರಾಗ ನಲವತ್ತೆರಡನೇದ್ದು ಬಂತು,
ಕಿಲೋಮೀಟರ್ ದೂರ ಬೆಳಕು ಒಗೀತದಂತ.
ಎಷ್ಟು ಕೊಟ್ಟೆ ಅಂತ ನೀಲಗಂಗಾಗ ಹೇಳಿಲ್ಲ,
ನಿಮಗೂ ಹೇಳಂಗಿಲ್ಲ.

ಮೊನ್ನೆ ಅಮಾಸಿ. ಒಂಬತ್ತೂಕಾಲಿಗೆ ಹೋತು, ಇಡೀ ಊರು.
ಅಲ್ಮಾರಿ ತೆಗದೆ.
ಯಾವುದು? ಅಗಲ ಹರಡೋದೋ, ದೂರ ಮುಟ್ಟೋದೋ?
ಸೆಲ್ಲು ಜಪಾನಿಂದೋ ಕೊರಿಯಾದ್ದೋ,
ನಿನ್ನೆ ಚಾರ್ಜ್ ಮಾಡಿದ್ದೋ ಮೊನ್ನೇದ್ದೋ?
ನಾ ಆರಿಸೂದ್ರಾಗ ಆಕಿ ಮೇಣಬತ್ತಿ ಹಚ್ಚಿ
ಅನ್ನ ಬಸದಿದ್ದಳು.

ಮಾಳಿಗಿ ಹತ್ತಿದೆ. ಹೊಸದನ್ನ ಕಿಲ್ಲೇದ ಗುಡ್ಡಕ್ಕ ಒಗದೆ.
ಬುರುಜಿನ ಮೈಗೆ ಯಾರೋ ಸುಣ್ಣ ಎರಚಿದಂಗ ಬೆಳಕು,
ಒಂದು ಆಡು ಎದ್ದು ನಿಂತು, ಮತ್ತ ಕೂತಿತು.
ಆರಿಸಿದೆ. ಹಚ್ಚಿದೆ. ಆರಿಸಿದೆ.

ಸ್ಟೇಷನ್ ಆಚಿ ಕಡಿಂದ, ಯಾರದೋ ಮಾಳಿಗಿ,
ತಿರುಗಿ ಒಂದು ಬೆಳಕು ಮಿಣಕ್ ಅಂತು.
ಇನ್ನೊಂದು ಸಲ.
ನಾ ಕೈ ಎತ್ತಿದೆ, ಆ ಕತ್ತಲದಾಗ ಯಾರಿಗೆ ಕಾಣಬೇಕು.

ಹಳದಿ. ಹಳೀ ಬಲ್ಬು. ಎರಡೇ ಸೆಲ್ಲು.
ನಡನಡುವ ಕೆಂಪಗಾಗತದ:
ಒಂದು ಹೊಸದು, ಒಂದು ತೀರಿದ್ದು ಜೋಡಿ ಹಾಕ್ಯಾನ ಹುಚ್ಚ.
ಹಂಗ ಹಾಕಬಾರದೋ ತಮ್ಮಾ,
ಹಳೀದು ಹೊಸದನ್ನೂ ತಿಂತದ ಅಂತ
ಯಾರರ ಓಡಿ ಹೋಗಿ ಹೇಳ್ರಿ ಅವನಿಗೆ,

ಕರೆಂಟು ಬರೂದ್ರೊಳಗ.