ದ್ವಿತೀಯಾ ವಿಭಕ್ತಿ

ಮೋಸ್ತಾರಿನ ವಾಚನಾಲಯದ ಹಿಂಬದಿಯ ಕೋಣೆ,
ಗುರುವಾರ ಸಂಜೆ ಐದಕ್ಕೆ.
ಬಾಡಿಗೆ ಇಲ್ಲ, ಒಲೆಗೆ ಸೌದೆ ನಾವೇ ತರಬೇಕು.
ಮೂವತ್ತೊಂದು ವರ್ಷ ರೈಲಿನಲ್ಲಿ
ಟಿಕೆಟಿಗೆ ತೂತು ಹೊಡೆದವನು ನಾನು.
ಈಗ ಆರು ಜನಕ್ಕೆ ಎಸ್ಪೆರಾಂಟೊ ಹೇಳಿಕೊಡುತ್ತೇನೆ,
ತಪ್ಪು ಕಂಡಲ್ಲೆಲ್ಲ ತೂತು ಹೊಡೆಯುತ್ತ.

ಮೊದಲ ದಿನವೇ ಅಂದಿದ್ದೆ:
ಈ ನುಡಿ ಯಾರಪ್ಪನ ಗಂಟೂ ಅಲ್ಲ.
ಇದರಲ್ಲಿ ನಿಮ್ಮನ್ನು ಯಾರೂ ಇನ್ನೂ ಬೈದಿಲ್ಲ,
ಹೆಸರು ಕೂಗಿ ಸಾಲಿನಲ್ಲಿ ನಿಲ್ಲಿಸಿಲ್ಲ.
ಯಾರೂ ನಗಲಿಲ್ಲ.
ನೆವೆಂಕಾ ಪೆನ್ಸಿಲು ಹೆರೆಯುತ್ತಿದ್ದಳು.
ಝುಮ್ರಾ ಕಿಟಕಿಯಾಚೆ ನೋಡುತ್ತಿದ್ದಳು.

ಊರಿಗೆಲ್ಲ ಗೊತ್ತಿದ್ದ ವಿಷಯ.
ಒಂದೇ ಮಹಡಿ, ಎದುರುಬದುರು ಬಾಗಿಲು,
ಆ ಚಳಿಗಾಲದಿಂದೀಚೆಗೆ ಇಪ್ಪತ್ತಾರು ವರ್ಷ
ಮಾತಿಲ್ಲ, ಕತೆಯಿಲ್ಲ.
ಭಾಷೆ ಬೇರೆ ಅಂತಲ್ಲ. ಭಾಷೆ ಒಂದೇ,
ನಕ್ಷೆ ಹರಿದವರು ಅದಕ್ಕೆ ಬೇರೆ ಬೇರೆ ಹೆಸರಿಟ್ಟರು, ಅಷ್ಟೆ.
ಒಬ್ಬಳು ಆಡಿದ್ದು ಇನ್ನೊಬ್ಬಳಿಗೆ ತಿಳಿಯದೆ ಹೋಗುವ
ಒಂದೇ ಒಂದು ಪದ ಇಲ್ಲ.
ಅದೇ ತೊಂದರೆ.

ಝುಮ್ರಾ ಬಂದದ್ದು
ಬ್ರೆಜಿಲಿನ ಯಾರಿಗೋ ಕಾಗದ ಬರೆಯಲಿಕ್ಕೆ.
ನೆವೆಂಕಾಗೆ ಡಾಕ್ಟರು ಹೇಳಿದ್ದರು,
ಮರೆವು ಹತ್ತಿರ ಸುಳಿಯಬಾರದು, ಹೊಸದೇನಾದರೂ ಕಲಿ ಎಂದು.
ಇನ್ನೊಬ್ಬಳು ಬರುವುದು ಇಬ್ಬರಿಗೂ ಗೊತ್ತಿರಲಿಲ್ಲ.
ಗೊತ್ತಾದ ಮೇಲೆ
ಮೊದಲು ಎದ್ದು ಹೋಗುವವಳು ನಾನೇ ಯಾಕಾಗಬೇಕು
ಅನ್ನುವ ಹಟಕ್ಕೆ ಇಬ್ಬರೂ ಉಳಿದರು.

ಬಡವರ ಮನೆಯ ಪಾತ್ರೆಗಳ ಹಾಗೆ
ಈ ನುಡಿಯ ಪದಗಳು. ಒಂದರಲ್ಲೇ ಎರಡು ಅಡುಗೆ.
ಮುಂದೆ ಒಂದು 'ಮಲ್' ಅಂಟಿಸಿದರೆ ಸಾಕು,
ಕಾವಲಿಯ ಮೇಲಿನ ರೊಟ್ಟಿಯಂತೆ ಅರ್ಥ ಮಗುಚಿಕೊಳ್ಳುತ್ತದೆ.
ತಣ್ಣಗೆ ಅನ್ನಬೇಕೆ? ಬಿಸಿಯಲ್ಲದ್ದು ಅನ್ನಿ.
ಮುದುಕಿ ಅನ್ನಬೇಕೆ? ಎಳೆಯಳಲ್ಲದವಳು ಅನ್ನಿ.
(ಇದಕ್ಕೆ ಮಾತ್ರ ಎಲ್ಲರೂ ನಕ್ಕರು.)
'ಫೆರ್ಮಿ' ಅಂದರೆ ಮುಚ್ಚು.
ತೆರೆ ಅನ್ನಲು ಬೇರೆ ಪದವಿಲ್ಲ, 'ಮಲ್‌ಫೆರ್ಮಿ'.
ಮುಚ್ಚಿದ್ದು ಮಾತ್ರ ತೆರೆದೀತು ಅನ್ನುವ ಹಾಗೆ.

ನಮ್ಮ ಮನೆಮಾತಿಗೆ ಏಳು ವಿಭಕ್ತಿ.
ಸಾಕಷ್ಟು ವಿಭಾಗವಾಗಿದ್ದೇವೆ.
ಇಲ್ಲಿ ಅಂಟಿಸುವುದು ಒಂದನ್ನೇ, ದ್ವಿತೀಯಾ.
ಮಾಡಿದ್ದು ಯಾರ ಮೇಲೆ ಬಿತ್ತೋ ಆ ಪದದ ಬಾಲಕ್ಕೆ
ಒಂದು 'ನ್'.
ಅದನ್ನು ಮರೆತವರನ್ನು ನಾನು ಬಿಟ್ಟವನಲ್ಲ.

ಒಂಬತ್ತನೆಯ ಗುರುವಾರ ಹಿಮ ಸುರಿದು
ನಾಲ್ವರು ಬರಲಿಲ್ಲ.
ಜೋಡಿ ಅಭ್ಯಾಸ: ಕೋಣೆಯ ಸಾಮಾನು ತೋರಿಸಿ
ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು.
ಮೇಜು ಆಯಿತು. ದೀಪ ಆಯಿತು. ಒಲೆಯೂ ಆಯಿತು.
ಆಮೇಲೆ ಝುಮ್ರಾ, ಪುಸ್ತಕ ನೋಡದೆ:
'ಕಿಯಾಲ್ ವಿ ನೇ ಮಲ್‌ಫೆರ್ಮಿಸ್ ಲಾ ಪೋರ್ದೊ?'

ನೀನು ಯಾಕೆ ತೆರೆಯಲಿಲ್ಲ, ಬಾಗಿಲು?

ಪೋರ್ದೊನ್ ಅನ್ನಬೇಕಿತ್ತು.
ಸೀಮೆಸುಣ್ಣ ಹಿಡಿದ ನನ್ನ ಕೈ ಅರ್ಧಕ್ಕೇ ನಿಂತಿತು.

ನೆವೆಂಕಾಳ ಬಳಿ ಇದ್ದದ್ದು ನೂರೈವತ್ತು ಪದ.
ಹಾಳೆ ಮಗುಚಿದಳು, ಮತ್ತೆ ಹಿಂದಕ್ಕೆ ಮಗುಚಿದಳು,
ಚಿಲ್ಲರೆ ತಡಕುವವಳ ಹಾಗೆ.
'ಮಿ ತಿಮಿಸ್.' ಹೆದರಿದ್ದೆ.
ಸೌದೆ ಒಮ್ಮೆ ಚಟಪಟಿಸಿತು.
'ಮಿ ಸ್ತಾರಿಸ್ ಮಲಂತಾವ್ ಲಾ ಪೋರ್ದೊ.'
ನಿಂತೇ ಇದ್ದೆ, ಬಾಗಿಲ ಹಿಂದೆ.
(ಹಿಂದೆ ಅನ್ನಲಿಕ್ಕೂ ಈ ನುಡಿಯಲ್ಲಿ
ಮುಂದೆಯಲ್ಲದ್ದು ಅನ್ನಬೇಕು.)
ಕೊನೆಗೆ, ಬಹಳ ಹೊತ್ತಿನ ಮೇಲೆ,
'ಮಿ ಆವ್ದಿಸ್ ವಿನ್.'
ಕೇಳಿಸಿತು, ನೀನು.
ನಿನ್ನನ್ನು.
ಆ 'ನ್' ಇರಬೇಕಾದ ಜಾಗದಲ್ಲೇ ಇತ್ತು.

ಮುಂದಿನ ಗುರುವಾರ ಇಬ್ಬರೂ ಬರಲಿಲ್ಲ.
ಅದರ ಮುಂದಿನದಕ್ಕೂ ಇಲ್ಲ.
ಶನಿವಾರ ಬ್ರೆಡ್ಡಿಗೆ ಹೋದೆ.
ಸಾಲು ಮುಂದೆ ಸರಿಯುತ್ತಲೇ ಇಲ್ಲ.
ಗಲ್ಲಾದ ಎದುರು ಇಬ್ಬರು ಹೆಂಗಸರು,
ಮೆಟ್ಟಿಲಿನ ಬಲ್ಬು ಯಾರು ಹಾಕಿಸಬೇಕು ಅಂತ
ಕೈ ಬೀಸಿ ಬೀಸಿ ಜಗಳ,
ಮನೆಮಾತಿನಲ್ಲಿ,
ಏಳೂ ವಿಭಕ್ತಿಗಳಲ್ಲಿ,
ಒಂದು ತಪ್ಪೂ ಇಲ್ಲದೆ.

ನನ್ನ ತರಗತಿಗೆ ಈಗ ನಾಲ್ಕೇ ಜನ.
ಸೌದೆ ಸ್ವಲ್ಪ ಹೆಚ್ಚು ದಿನ ಬರುತ್ತದೆ.