ಹದಿನೈದರಿಂದ ಹದಿನೆಂಟು

ಸ್ಟುಡಿಯೋ ಗಡಿಯಾರದ ಮುಖಕ್ಕೆ ಕೆಂಪು ಬಳಿದವರು ಗಂಗುಲಪ್ಪನವರು.
ಎರಡೇ ಹೋಳು, ಕಲ್ಲಂಗಡಿ ಸೀಳಿದಂತೆ:
ಹದಿನೈದರಿಂದ ಹದಿನೆಂಟು,
ನಲವತ್ತೈದರಿಂದ ನಲವತ್ತೆಂಟು.
ಮೊಮ್ಮಗಳ ಉಗುರುಬಣ್ಣ. ಇನ್ನೂ ಉದುರಿಲ್ಲ.

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹಿಂದೆ
ಸೊಸೈಟಿ ಮಹಡಿಯ ಮೇಲೆ ನಮ್ಮ ಬಾನುಲಿ.
ದಿಬ್ಬೂರಹಳ್ಳಿ ಮುಟ್ಟುವಷ್ಟರಲ್ಲಿ ದನಿ ಸವೆದುಹೋಗುತ್ತೆ.
ನಾನು ಗುಂಡಿ ಒತ್ತುವವಳು, ಅವರು ಓದುವವರು:
ದ್ವಿತಳಿ ಇಷ್ಟು, ಮಿಶ್ರತಳಿ ಇಷ್ಟು,
ಮೇಲೂರಿನಲ್ಲಿ ಕಪ್ಪು ಮೇಕೆಯೊಂದು ತಪ್ಪಿಸಿಕೊಂಡಿದೆ,
ಎಡಗಿವಿ ಅರ್ಧ, ಸಿಕ್ಕವರು ಕಟ್ಟಿಹಾಕಿ ತಿಳಿಸಿ.
ರಂಗಸಮುದ್ರದ ಕೆರೆ, ನೀರಿನ ಮಟ್ಟ ಸೊನ್ನೆ.
ಮೈಕಿನ ಮೇಲೆ ನನ್ನ ಕಡೆ ನೋಡಿ ನಗುತ್ತಿದ್ದರು.
ಹದಿನೈದು ವರ್ಷ ನೌಕಾಪಡೆಯಲ್ಲಿ ಟಕಟಕ ಕುಟ್ಟಿ ಬಂದ ಬೆರಳು
ಹಾಳೆಯ ಅಂಚಿನಲ್ಲಿ ಸುಮ್ಮನೆ ಕುಣಿಯುತ್ತಿತ್ತು.

ಟೀ ಲೋಟಕ್ಕೆ ಅರ್ಧವೇ ಬಗ್ಗಿಸುತ್ತಿದ್ದರು.
ಜಿಪುಣ ಅಂತ ಬಂದವರೆಲ್ಲ ಅಂದುಕೊಂಡರು.
ಹಡಗು ವಾಲಿದರೆ ಚೆಲ್ಲಬಾರದಲ್ಲ ಅಂತ
ನನಗೆ ಹೊಳೆದದ್ದು ಮೂರನೇ ವರ್ಷ.

ಕಳೆದ ಪರ್ಸಿನ ಹೆಸರು ಹೇಳುವಾಗ ಬಿಡಿಸಿ ಬಿಡಿಸಿ:
ಗೂಡಿನ ಗ, ರಾಗಿಯ ರ, ಮಗ್ಗದ ಮ.
ಒಂದಕ್ಷರ ತಪ್ಪಿದರೆ, ಅಮ್ಮಯ್ಯಾ, ಬೇರೆ ಹಡಗು ಬಂದುಬಿಡುತ್ತೆ.

ಮುಳ್ಳು ಕೆಂಪಿಗೆ ಬಂದರೆ ಮಾತ್ರ
ವಾಕ್ಯದ ನಡುವೆಯೇ ನಿಂತುಬಿಡುವರು. ಹಾಡಿಲ್ಲ, ಜಾಹೀರಾತಿಲ್ಲ.
ಮ್ಯಾನೇಜರ್ ಜಯರಾಮರೆಡ್ಡಿ ಮೆಟ್ಟಿಲು ಹತ್ತಿ ಬಂದರು:
ಏನ್ ಸಾರ್ ಇದು, ರೇಡಿಯೋ ಕೆಟ್ಟಿದೆ ಅಂತ ಫೋನು!
ಸಮುದ್ರದಲ್ಲಿ ಗಂಟೆಗೆ ಎರಡು ಸಲ
ಎಲ್ಲ ಹಡಗೂ ಬಾಯಿ ಮುಚ್ಚಬೇಕಿತ್ತು ರೆಡ್ಡಿಗಾರು.
ಮುಳುಗುತ್ತಿರುವವನ ದನಿ ಸಣ್ಣದು.
ಇಲ್ಲಿ ಯಾರು ಸಾರ್ ಮುಳುಗ್ತಾರೆ?
ಸಾವಿರದ ಇನ್ನೂರು ಅಡಿ ಕೊರೆದರೂ ಧೂಳು!
ಅದಕ್ಕವರು ಉತ್ತರ ಕೊಡಲಿಲ್ಲ.

ನಮ್ಮದು ಬರೀ ಕಳಿಸೋ ಯಂತ್ರ, ಕೇಳೋದಿಲ್ಲ ಸಾರ್,
ಅಂದೆ ನಾನು, ಬುದ್ಧಿವಂತೆ.
ಎದ್ದು ಹೋಗಿ ಕಿಟಕಿ ತೆಗೆದರು.
ಬೇಯಿಸಿದ ಹುಳುವಿನ ವಾಸನೆ, ಲಾರಿಯ ಹಾರನ್ನು,
ಯಾವುದೋ ಮನೆಯಲ್ಲಿ ನೂಲು ಬಿಚ್ಚುವ ಸದ್ದು.
ಮೂರು ನಿಮಿಷ ಕೈಕಟ್ಟಿ ನಿಂತರು,
ಮತ್ತೆ ಕಿಟಕಿ ಮುಚ್ಚಿ, ನಿಂತ ಪದದಿಂದಲೇ ಓದಿದರು.

ಒಮ್ಮೆ ಮಾತ್ರ ಹೇಳಿದ್ದರು, ಅದೂ ಅರ್ಧ ಲೋಟದಷ್ಟು:
ರಾತ್ರಿ, ಯಾವುದೋ ಮೀನುದೋಣಿ,
ಹೆಸರಿನ ಮೊದಲೆರಡು ಅಕ್ಷರ ಬಂತು,
ಮೂರನೆಯದಕ್ಕೆ ಕಾಯುತ್ತಾ ಇದ್ದೆ.
ಯಾವ ಸಮುದ್ರ, ಯಾವ ವರ್ಷ, ಕೇಳಲಿಲ್ಲ ನಾನು.
ಅಷ್ಟರಲ್ಲಿ ಗೂಡಿನ ರೇಟು ಬಂದಿತ್ತು.

ಮಂಗಳವಾರ ಅವರು ಹೋದರು.
ಬುಧವಾರ ಬೆಳಿಗ್ಗೆ ಓದುವವರಿಲ್ಲ, ನಾನೇ ಕೂತೆ.
ದ್ವಿತಳಿ ಇಷ್ಟು. ಮಿಶ್ರತಳಿ ಇಷ್ಟು.
ರಂಗಸಮುದ್ರ ಸೊನ್ನೆ.
ನಿಧನ: ಗೂಡಿನ ಗ, ಅಂತ ಶುರು ಮಾಡಿದೆ,
ಸೊನ್ನೆಗೆ ಏನು ಹೇಳಬೇಕೋ ತೋಚಲಿಲ್ಲ.
ಗಡಿಯಾರ ನೋಡಿದರೆ ಒಂಬತ್ತು ಹದಿನೈದು.
ಸರಿ, ಎದ್ದು ಕಿಟಕಿ ತೆಗೆದೆ.

ಫೋನು ಬಂತು. ರಹಮತ್ ನಗರದ ಖುತೇಜಾ ಬೀ,
ನಲವತ್ತು ವರ್ಷದಿಂದ ಕುದಿನೀರಿನಲ್ಲಿ ಎಳೆ ಹುಡುಕುವ ಕೈ.
ರೇಡಿಯೋ ಕೆಟ್ಟಿಲ್ಲ ತಾನೆ?
ಇಲ್ಲಮ್ಮ.
ಅವರು ಹೋದರಂತೆ?
ಹೂಂ.
ಮತ್ತೆ ಈ ಸುಮ್ಮನೆ?
ಹದಿನೆಂಟರವರೆಗೆ, ಅಂದೆ.
ಗೊತ್ತು, ಅಂದಳು. ಫೋನು ಇಡಲಿಲ್ಲ.
ಅವಳ ಬಾಣಲೆ ಕುದಿಯುವುದು ಕೇಳುತ್ತಿತ್ತು,
ರಾಟೆ ತಿರುಗುವುದು, ಮಗುವೊಂದು ಕೆಮ್ಮುವುದು,
ಆಮೇಲೆ ರಾಟೆಯೂ ನಿಂತಿತು.