ಕಿವಿ ಬಿಡಿಸುವ ಸೂಜಿ

ನಂಬಬಹುದಾ ಅಂತ ಕೇಳ್ತೀಯ,
ಚಳ್ಳಕೆರೆಯಿಂದ ಬಸ್ಸು ಹತ್ತಿ, ಗೋಣಿಯಲ್ಲಿ ಸುತ್ತಿ
ಅಜ್ಜನ ಕೋವಿಯನ್ನ ಕೂಸಿನ ಹಾಗೆ ತೊಡೆ ಮೇಲಿಟ್ಟುಕೊಂಡು
ದುರ್ಗದ ಸಂತೆಪೇಟೆಯ ಈ ಸಂದಿಗೆ ಬಂದು
ಟೀ ಕೂಡ ಕುಡಿಯದೆ.

ಕೂತ್ಕೋ. ಮೊದಲು ಅದರ ಬಾಯಿ ಆ ಕಡೆ ತಿರುಗಿಸು.
ಖಾಲಿ ಅಂತ ನೀನಂದರೆ ಆಯಿತೇ?
ಖಾಲಿ ಕೋವಿಯಿಂದ ಸತ್ತವರು
ನನಗೆ ಇಬ್ಬರು ಗೊತ್ತು.

ಎಣ್ಣೆ ಮಿಲ್ಲಿನ ಹಿಂದೆ ಒಂಟಿ ಮನೆ,
ಎರಡು ಸಲ ಗೋಡೆ ಹಾರಿದ್ದಾರೆ, ಹೆಂಡತಿಗೆ ನಿದ್ದೆಯಿಲ್ಲ.
ಸರಿ. ಮೂರನೇ ಸಲ ಬಂದಾಗ ಏನೇನು ಮಾಡ್ತೀಯ?
ಮದ್ದು ಸುರಿ, ನಾರು ತುರುಕು, ಗಜದಿಂದ ಜಡಿ,
ಚರೆ ಹಾಕು, ಮತ್ತೆ ನಾರು, ಮತ್ತೆ ಗಜ,
ಕಡಲೆಬೇಳೆಯಷ್ಟು ಕೇಪನ್ನ
ಕತ್ತಲಲ್ಲಿ ಬೆವೆತ ಬೆರಳಿಂದ ಹುಡುಕು.
ಅಷ್ಟರಲ್ಲಿ ಅವನು ನಿನ್ನ ಅಡುಗೆಮನೆಯಲ್ಲಿ
ಮಜ್ಜಿಗೆ ಕುಡಿದು ಲೋಟ ತೊಳೆದಿಟ್ಟು ಹೋಗಿರ್ತಾನೆ.

ತುಂಬಿಯೇ ಇಡ್ತೀನಿ ಅಂತೀಯ.
ಇಡು. ಮದ್ದು ಉಪ್ಪಿನ ಜಾತಿ, ಗಾಳಿಯಲ್ಲಿನ ನೀರು ಕುಡಿಯುತ್ತೆ.
ಗುಡ್ಡದ ಮೇಲೆ ಆ ಫ್ಯಾನುಗಳನ್ನ ತಿರುಗಿಸೋ ಆಷಾಢದ ಗಾಳಿ
ನಿನ್ನ ಅಟ್ಟಕ್ಕೂ ನುಗ್ಗುತ್ತೆ.
ಬೇಕಾದ ದಿನ ಕುದುರೆ ಬೀಳುತ್ತೆ, ಟಿಕ್ ಅನ್ನುತ್ತೆ,
ಮೂಲೆಯ ಹಲ್ಲಿ ಲೊಚಗುಟ್ಟಿದ ಹಾಗೆ.
ಹೊಡೆದರೂ ಒಂದೇ ಏಟು. ಆಮೇಲೆ ಮನೆ ತುಂಬ ಹೊಗೆ,
ಕೊಳೆತ ಮೊಟ್ಟೆಯ ವಾಸನೆ,
ಅವನೆಲ್ಲಿ, ನೀನೆಲ್ಲಿ, ಮಗು ಎಲ್ಲಿ.

ಎಲೆಕ್ಷನ್ ಬಂತೋ, ಠಾಣೆಗೆ ಒಪ್ಪಿಸಿ ರಸೀದಿ ತರಬೇಕು.
ಕಳ್ಳರನ್ನ ಆ ತಿಂಗಳು ಯಾರೂ ಒಪ್ಪಿಸಿಕೊಳ್ಳಲ್ಲ.

ಇನ್ನೊಂದಿದೆ, ಅದು ಟಿಕ್ಕೂ ಅಲ್ಲ ಢಮಾರೂ ಅಲ್ಲ.
ಕೇಪು ಸಿಡಿಯುತ್ತೆ, ಮದ್ದು ಯೋಚಿಸುತ್ತೆ.
ಬಸುರಿ ಏಟು ಅಂತಿದ್ದ ನಮ್ಮಪ್ಪ.
ನಳಿಗೆ ಇಳಿಸಬೇಡ, ಒಳಗೆ ಇಣುಕಬೇಡ,
ಮೂವತ್ತು ಎಣಿಸು, ಅಂತಿದ್ದ.

ಹೊಸದುರ್ಗದ ಕಡೆ ದಾಳಿಂಬೆ ತೋಟ ಕಾಯ್ತಿದ್ದ ಗಾದ್ರಪ್ಪ.
ಹಣ್ಣಿಗೆ ರೇಟು ಬಂದ ವರ್ಷ, ಅಮಾವಾಸ್ಯೆ ಹಿಂದಿನ ರಾತ್ರಿ
ಬೇಲಿ ಕಿರ್ ಅಂತು. ಯಾರೋ ಅದು ಅಂದ. ಉತ್ತರ ಇಲ್ಲ.
ಬಿಲ್ಲು ಎಳೆದ.
ಟಿಕ್.
ಒಂದು. ಎರಡು.
ಮೂರಕ್ಕೆ ಬೇಲಿಯ ಆ ಕಡೆಯಿಂದ ಒಂದು ಕೆಮ್ಮು,
ತೊಟ್ಟಿಲಿಂದ ಕೇಳಿಕೊಂಡು ಬಂದ ಕೆಮ್ಮು.
ತಂಗಿಯ ಮಗ ಬೋಸಯ್ಯ, ಹದಿಮೂರು ವರ್ಷ,
ಅಂಗಿಯ ಮಡಿಲಲ್ಲಿ ನಾಲ್ಕು ಹಣ್ಣು.
ಗಾದ್ರಪ್ಪ ನಳಿಗೆಯನ್ನ ಆಕಾಶಕ್ಕೆ ಎತ್ತಿದ.
ಐದಕ್ಕೆ ಹೊಡೆಯಿತು.
ಚರೆಯೆಲ್ಲ ಆಮೇಲೆ ಎಲೆಗಳ ಮೇಲೆ
ಹನಿ ಮಳೆಯ ಹಾಗೆ ಉದುರಿದವಂತೆ.

ಆ ಕೋವಿಯನ್ನ ಹಿಂದಿನ ಸೋಮವಾರ
ರಿಪೇರಿ ಮಾಡಿ ಕಳಿಸಿದವನು ನಾನು.
ಕರೆಂಟು ಹೋಗಿತ್ತು. ಕಿವಿಯ ತೂತಿನಲ್ಲಿ
ಮಸಿ ಉಳಿದಿದ್ದು ಗೊತ್ತಿತ್ತು.
ಬಸ್ಸಿಗೆ ಹೊತ್ತಾಯ್ತು ಅಂತ ಅವನು ಅವಸರ ಮಾಡಿದ,
ನಾನೂ ಬಿಟ್ಟೆ. ನೂರೈವತ್ತು ಇಸಕೊಂಡೆ.

ಗಾದ್ರಪ್ಪನಿಗೆ ಇವತ್ತಿಗೂ ಹೇಳಿಲ್ಲ.
ಕೆಟ್ಟ ಕೆಲಸ ಅನ್ನಲೇ? ಬೋಸಯ್ಯನ ಲಗೇಜ್ ಆಟೋ
ವಾರಕ್ಕೊಮ್ಮೆ ಇದೇ ಬೀದಿಯಲ್ಲಿ ಹಾರ್ನ್ ಹೊಡೆದು ಹೋಗುತ್ತೆ.
ಒಳ್ಳೆ ಕೆಲಸ ಅನ್ನಲೇ? ಬೇಲಿಯಾಚೆ ಕರಡಿ ಇದ್ದಿದ್ದರೆ?

ಆವತ್ತಿನಿಂದ ಯಾರದೇ ಕೋವಿಯ ಕಿವಿ ಬಿಡಿಸುವಾಗಲೂ
ಸೂಜಿ ಅರ್ಧಕ್ಕೆ ನಿಲ್ಲುತ್ತೆ.
ಒಂದು, ಎರಡು ಅಂತ ಎಣಿಸ್ತೀನಿ, ಯಾಕೋ.
ಆಮೇಲೆ ತಳದ ತನಕ ಚುಚ್ಚಿ ಊದ್ತೀನಿ.

ತಾ ಇಲ್ಲಿ. ಕುದುರೆಯ ಸ್ಪ್ರಿಂಗು ಸತ್ತಿದೆ, ಮರ ಗಟ್ಟಿಯಿದೆ.
ಪೂರ್ತಿ ಬಿಡಿಸಿಯೇ ಕೊಡ್ತೀನಿ, ದುಡ್ಡು ತಗೊಳ್ಳೋ ಕೈ.
ಒಂದು ಹೇಳಿ ಹೋಗು ಮತ್ತೆ,
ಗೋಡೆ ಹಾರಿದವನು ಕೆಮ್ಮಿದ್ದು
ನೀನಾಗಲಿ ನಿನ್ನ ಹೆಂಡತಿಯಾಗಲಿ ಕೇಳಿದ್ದೀರಾ?

ಗುರುವಾರ ಬಾ.
ಮಂಗಳವಾರ ಅಂಗಡಿ ಇರಲ್ಲ.